ದುಂಡ್ಯಾನ ನಡಿಗೆ

ಜನವರಿ 5, 2025, ರವಿವಾರ. ಊರು

ಅಪ್ಪನ ಬಲಗಾಲು ಮೊಣಕಾಲಿನಿಂದ ಪಾದದವರೆಗೆ ನೋಡಿದರೆ ಹೆದರಿಕೆಯಾಗುವಷ್ಟು ಬಾತಿದೆ. ಇಂಡಿ ಪಟ್ಟಣದ ಡಾಕ್ಟರು ಮೆಟ್ಟಿಲು ಹತ್ತಬೇಡಿ, ಕುಕ್ಕರಗಾಲಿನಲ್ಲಿ ಕೂರಬೇಡಿ, ಭಾರ ಹೊರಬೇಡಿ ಎಂದು ಹೇಳಿ ಕಳಿಸಿದರು. ಅಪ್ಪ ಮನೆಗೆ ಬಂದವನೇ ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, "ಫೆಬ್ರುವರಿ ಅನ್ನೂದರೊಳಗ ಆರಾಮ ಆಕ್ಕೈತಿ. ನಾಟಕಕ್ಕ ಏನೂ ಅಡ್ಡಿ ಇಲ್ಲ" ಎಂದ.

ನನ್ನ ಪಿತ್ತ ನೆತ್ತಿಗೇರಿದ್ದು ಆಗ. ಊರಿನ ಶಾಲೆಗೆ ನೂರು ವರ್ಷವಾಯಿತಂತೆ. ಅದಕ್ಕಾಗಿ ಮುಂದಿನ ತಿಂಗಳು ಹದಿನೈದಕ್ಕೆ ಕಾರ್ಯಕ್ರಮ, ಸಂಜೆಗೆ ಹಳೆಯ ನಾಟಕ "ಸಾವಕಾರರ ಮೂರನೇ ಲಗ್ನ". ನಾನು ಹುಟ್ಟುವ ಮೊದಲಿನಿಂದಲೂ ಊರು ಆಡುತ್ತಾ ಬಂದ ನಾಟಕ ಇದು. ಮುದಿ ಸಾವಕಾರನಿಗೆ ಮೂರನೇ ಮದುವೆಯ ಹುಚ್ಚು. ಅವನ ಪೆದ್ದ ಆಳು ಹೇಳಿದ್ದೊಂದು ಮಾಡಿದ್ದೊಂದು ಮಾಡಿ ಲಗ್ನ ಕೆಡಿಸುತ್ತಾನೆ. ಸಾವಕಾರನ ಪಾತ್ರ ಯಾವಾಗಲೂ ಗೌಡರ ಮನೆಯವರದು. ಆಳಿನ ಪಾತ್ರ ಯಾವಾಗಲೂ ಅಪ್ಪನದು. ಹೀಗೇ ಇರಬೇಕೆಂದು ಯಾರೂ ಹೇಳಿಲ್ಲ, ಹೇಳುವ ಪ್ರಸಂಗವೂ ಬಂದಿಲ್ಲ.

ಚಿಕ್ಕವಳಿದ್ದಾಗ ಒಂದೇ ಸಲ ನೋಡಿದ್ದೇನೆ. ನಡುವೆ ಒಂದು ದೃಶ್ಯ ಬರುತ್ತದೆ. ಆಳು ಏನೋ ತಪ್ಪು ಮಾಡುತ್ತಾನೆ, ಸಾವಕಾರ ತನ್ನ ಕೊಲ್ಹಾಪುರಿ ಚಪ್ಪಲಿಯನ್ನು ಅವನ ತಲೆಯ ಮೇಲೆ ಹೊರಿಸಿ ಸ್ಟೇಜಿನ ಸುತ್ತ ಮೆರವಣಿಗೆ ಮಾಡಿಸುತ್ತಾನೆ. ಊರಿಗೆ ಊರೇ ಹೊಟ್ಟೆ ಹಿಡಿದು ನಕ್ಕಿತು. ನಾನು ಎದ್ದು ಮನೆಗೆ ಓಡಿದೆ. ಆಮೇಲೆ ಆ ನಾಟಕದ ಕಡೆ ತಲೆ ಹಾಕಿಯೂ ಮಲಗಿಲ್ಲ.

ಆ ಆಳಿನ ಹೆಸರು ದುಂಡ್ಯಾ. ಅಪ್ಪನ ಹೆಸರು ರಾವಸಾಬ, ಆದರೆ ಊರಿನಲ್ಲಿ ಅವನೂ ದುಂಡ್ಯಾನೇ. ಕಿರಾಣಿ ಅಂಗಡಿಯಲ್ಲಿ ದುಂಡ್ಯಾ, ಹಿಟ್ಟಿನ ಗಿರಣಿಯಲ್ಲಿ ದುಂಡ್ಯಾ. ಅವ್ವ ಮರೆವ್ವ ದುಂಡ್ಯಾನ ಹೆಂಡತಿ, ನಾನು ದುಂಡ್ಯಾನ ಮಗಳು ಟೀಚರು.

"ಈ ಮನಿಯವರು ಯಾರೂ ಇನ್ನ ಆ ಚಪ್ಲಿ ತಲಿ ಮ್ಯಾಲ ಇಡೂದಿಲ್ಲ" ಎಂದೆ.

"ಮತ್ತ ಪಾರ್ಟ ಯಾರು ಮಾಡ್ತಾರ? ನೀ ಮಾಡ್ತಿ ಏನು?"

"ಮಾಡ್ತೇನಿ. ನನ್ನ ರೀತಿಲೆ ಮಾಡ್ತೇನಿ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹುಚ್ಚಗಿಚ್ಚ ಹಿಡದೈತೇನ ನಿನಗ? ಗಂಡಸಿನ ಪಾರ್ಟ! ನಾಟಕದಾಕಿ ಅಂತ ಹೆಸರಾದ್ರ ಯಾವ ಗಂಡು ಸಿಗತೈತಿ?"

"ಸಿಗದಿದ್ರ ಬಿಡು. ಹೆಂಗೂ ಧೋತರ ಉಟ್ಕೊಂಡಿರ್ತೇನಿ, ಗಂಡು ಮನಿಯಾಗ ಇದ್ದಂಗ ಆತು."

ಅಪ್ಪ ನಗಲಿಲ್ಲ. ಬೇಡ ಎನ್ನಲೂ ಇಲ್ಲ.

ಜನವರಿ 8, ಬುಧವಾರ. ಮುದ್ದೇಬಿಹಾಳ

ಇವತ್ತು ಶಾಲೆಗೆ ಮೇಲಿನ ಸಾಹೇಬರ ಭೇಟಿ. ಹೆಡ್‌ಮಾಸ್ತರ್ ಗುರಲಿಂಗಪ್ಪ ಸರ್ ಬೆಳಗ್ಗೆಯೇ ಬಂದು, "ಮೇಡಂ, ನೀವು ಹೆಣ್ಮಕ್ಕಳು, ರಂಗೋಲಿ ನಿಮ್ಮ ಕೈಲೆ ಚಂದ ಬರ್ತೈತಿ" ಎಂದರು. ನಾನು ಇಲ್ಲಿ ಇರುವುದು ಇತಿಹಾಸ ಪಾಠ ಮಾಡಲು. "ಹೌದ್ರಿ ಸರ್" ಎಂದು ಹೇಳಿ ನವಿಲು ಹಾಕಿದೆ. ಅದನ್ನು ನವಿಲು ಎಂದು ಕರೆದರೆ ನವಿಲಿಗೆ ಅವಮಾನ. ಸಾಹೇಬರು ಬಾಗಿಲಲ್ಲಿ ನಿಂತು, "ಇದೇನು, ಏಡಿನಾ?" ಎಂದು ಕೇಳಿದರು. ಗುರಲಿಂಗಪ್ಪ ಸರ್ ಮುಖ ನೋಡಬೇಕಿತ್ತು! ಇನ್ನೊಮ್ಮೆ ನನಗೆ ರಂಗೋಲಿ ಹೇಳಲಾರರು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ.

ಜನವರಿ 12, ರವಿವಾರ. ಊರು

ಶಾಲೆಯ ಹಾಲಿನಲ್ಲಿ ಮಧ್ಯಾಹ್ನ ಮೊದಲ ತಾಲೀಮು. ಸಿಂದಗಿಯಲ್ಲಿ ಬಸ್ಸು ತಪ್ಪಿ, ತಾಂಬಾದಿಂದ ಒಂದು ಟಂಟಂ ರಿಕ್ಷಾದಲ್ಲಿ ಕಬ್ಬಿಣದ ಸರಳಿನ ಜೊತೆ ಕೂತು ಬಂದೆ. ಬರುವಾಗ ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿದ್ದೆ. ಸಮಾನತೆ, ಸಂವಿಧಾನ, ಎಲ್ಲವೂ ಇತ್ತು ಅದರಲ್ಲಿ.

ನಾಟಕ ಕಲಿಸುವವರು ಚನ್ನಬಸಯ್ಯ ಮಾಸ್ತರರು. ಹಾರ್ಮೋನಿಯಂ ಮುಂದೆ ಕೂತರೆ ಇವತ್ತಿಗೂ ಹುಡುಗನ ಕೈ. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. "ಹಿಂದಕ ಗಂಡಸರು ಸೀರಿ ಉಟ್ಟು ಹೆಣ್ಣಿನ ಪಾರ್ಟ ಮಾಡ್ತಿದ್ರು. ಈಗ ನೀ ಮೀಸಿ ಹಚ್ಚಿಕೋ ತಂಗಿ, ಲೆಕ್ಕ ಸರಿ ಹೋಗತೈತಿ" ಎಂದರು.

ಸಾವಕಾರ ಕಲ್ಮೇಶ. ತೀರಿಕೊಂಡ ಗೌಡರ ಮಗ, ದ್ರಾಕ್ಷಿ ತೋಟದವನು, ಏಳನೇ ಇಯತ್ತೆಯವರೆಗೆ ನನ್ನ ಕ್ಲಾಸಿನವನು. ನನಗೆ "ಟೀಚರ್ರ, ಬರ್ರಿ, ಕುಂದರ್ರಿ" ಎನ್ನುತ್ತಾನೆ. ಅದೇ ಬಾಯಿಂದ "ದುಂಡ್ಯಾನ ಕಾಲು ಹ್ಯಾಂಗ ಐತಿ?" ಎಂದು ಕೇಳುತ್ತಾನೆ. ಮಗಳಿಗೆ ಬಹುವಚನ, ಅಪ್ಪನಿಗೆ ಏಕವಚನ.

ನಾನು ಭಾಷಣಕ್ಕೆ ಬಾಯಿ ತೆರೆಯುವ ಮೊದಲೇ ಅವನೇ ಹೇಳಿದ. "ಟೀಚರ್ರ, ಆ ಚಪ್ಲಿ ಸೀನ್ ಪೂರಾ ತಗದ ಬಿಡೂಣು. ನೀವು ಹೆಣ್ಮಕ್ಕಳು, ಮ್ಯಾಲ ಸರಕಾರಿ ನೌಕರಿಯವರು. ನಿಮ್ಮ ತಲಿ ಮ್ಯಾಲ ಚಪ್ಲಿ ಇಟ್ಟರ ಚಂದ ಕಾಣೂದಿಲ್ಲ."

ಗೆದ್ದೆ. ಜಗಳವಿಲ್ಲದೆ ಗೆದ್ದೆ. ಆದರೆ ಖುಷಿಯಾಗಲಿಲ್ಲ. ಹೆಣ್ಣಿನ ತಲೆ ಎಂದು ಬಿಟ್ಟರು, ನೌಕರಿಯ ತಲೆ ಎಂದು ಬಿಟ್ಟರು. ಅಪ್ಪನ ತಲೆ ಇಷ್ಟು ವರ್ಷ ಯಾರಿಗೂ ತಲೆಯಂತೆ ಕಾಣಲಿಲ್ಲವೇ?

ಮನೆಗೆ ಬಂದು ಹೇಳಿದೆ. "ತಗಸಿದ್ನಪ್ಪ. ಚಪ್ಲಿ ಸೀನ್ ಇಲ್ಲ. ಪೂರಾ ಹೋತು."

"ಮೆಟ್ಟೂದೂ ಇಲ್ಲ?" ಎಂದ ಅಪ್ಪ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ. ಊಟಕ್ಕೂ ಏಳಲಿಲ್ಲ. ಒಳ್ಳೆಯದು ಮಾಡಿದರೂ ಕಷ್ಟ ಈ ಮನೆಯಲ್ಲಿ.

ಜನವರಿ 14, ಮಂಗಳವಾರ. ಸಂಕ್ರಾಂತಿ

ನಿನ್ನೆ ಭೋಗಿ. ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದಳು. ಅಪ್ಪ ಅರ್ಧ ರೊಟ್ಟಿ ತಿಂದು ಎದ್ದ. ನನ್ನ ಜೊತೆ ಮಾತಿಲ್ಲ. ಇವತ್ತು ಬೆಳಗ್ಗೆ ಸಾಕಾಗಿ, "ಏನಾಗೈತಿ ನಿನಗ? ತಲಿ ಮ್ಯಾಲ ಚಪ್ಲಿ ಹೊರೂದು ಅಷ್ಟು ರುಚಿ ಹತ್ತೈತೇನು?" ಎಂದು ಕೇಳಿಯೇ ಬಿಟ್ಟೆ. ಮಾತು ಬಿರುಸಾಯಿತು. ಆದರೆ ಅದರಿಂದಲೇ ಅಪ್ಪನ ಬಾಯಿ ಬಿಚ್ಚಿತು.

"ನೀ ಹೊರೂದ ಅಷ್ಟ ನೋಡಿ ಓಡಿ ಬಂದಿ. ಅದಕಿಂತ ಮೊದಲ ಏನ ಆಕ್ಕೈತಿ, ನೋಡಿದ್ದೇನು?"

ನೋಡಿರಲಿಲ್ಲ. ಅಥವಾ ನೆನಪಿಲ್ಲ. ಅಪ್ಪ ಹೇಳಿದ. ಸಾವಕಾರ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋಗುತ್ತಾನೆ. ದುಂಡ್ಯಾ ಒಬ್ಬನೇ. ಆ ಕಡೆ ಈ ಕಡೆ ನೋಡಿ ಚಪ್ಪಲಿ ಮೆಟ್ಟುತ್ತಾನೆ, ಸಾವಕಾರನ ಹಾಗೆ ಎದೆ ಉಬ್ಬಿಸಿ ಸ್ಟೇಜಿನ ಉದ್ದಕ್ಕೂ ನಡೆಯುತ್ತಾನೆ. ಆಮೇಲೆ ಸಿಕ್ಕಿಬೀಳುತ್ತಾನೆ.

"ಆ ಚಪ್ಲಿ ನಾಟಕದ ಚಪ್ಲಿ ಅಲ್ಲ. ಖರೇ ಖರೇ ಗೌಡ್ರವು. ಕಲ್ಮೇಶನ ಅಪ್ಪಂದು. ನಾಟಕದ ದಿನ ಅವರ ಮನಿಯಿಂದ ಬರ್ತಿದ್ದವು. ಗೌಡ್ರ ಓಣ್ಯಾಗ ನಮ್ಮ ಮಂದಿ ಚಪ್ಲಿ ಬಿಚ್ಚಿ ಕೈಯಾಗ ಹಿಡಕೊಂಡು ದಾಟಬೇಕಾಗಿತ್ತು. ನಮ್ಮಪ್ಪ ಹಂಗ ದಾಟಿದಾ, ನಾನೂ ದಾಟೇನಿ. ಮದಲನೇ ನಾಟಕದಾಗ ಗೌಡ್ರು ಮುಂದಿನ ಕುರ್ಚ್ಯಾಗ ಕುಂತಿದ್ರು. ಅವರ ಎದುರಿಗೆ, ಅವರ ಚಪ್ಲಿ ಮೆಟ್ಟಿ, ಕಿರ್ರ್ ಕಿರ್ರ್ ಅನಿಸಿಕೋತ ನಡದೆ. ಗೌಡ್ರು ನಕ್ಕರು. ಮಂದಿ ನಕ್ಕಿತು. ದುಂಡ್ಯಾ ಹುಚ್ಚ ಅಂದ್ರು. ನಾ ಏನ ಹುಚ್ಚ ಇರಲಿಲ್ಲ."

"ಮತ್ತ ತಲಿ ಮ್ಯಾಲ ಹೊರಸ್ತಾರಲ್ಲಪ್ಪ?"

"ನಡಿಯೂದು ನನ್ನ ಪಾಲಿಂದು, ಹೊರೂದು ಅವರ ಪಾಲಿಂದು. ಹೊತ್ತರ ನಡಿಯಾಕ ಬಿಡ್ತಿದ್ರು. ಅದಕ್ಕ ಹೊತ್ತೆ. ನೀ ಹೋಗಿ ಎರಡೂ ಕಿತ್ತ ಒಗದ ಬಂದಿ."

ನನಗೆ ಬಹಳ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಎಳ್ಳು ಬೆಲ್ಲ ಕೊಡಲು ಬಂದ ನೆರೆಮನೆಯವಳ ಮುಂದೆ ಅಳು ಬಂದುಬಿಟ್ಟಿತು. ಕಣ್ಣಿಗೆ ಒಲೆಯ ಹೊಗೆ ಎಂದು ಸುಳ್ಳು ಹೇಳಿದೆ. ಒಲೆ ಹೊತ್ತಿಸಿರಲೇ ಇಲ್ಲ.

ಜನವರಿ 16, ಗುರುವಾರ. ಮುದ್ದೇಬಿಹಾಳ

ನಾಟಕದ ಪುಸ್ತಕ ಮೊದಲಿನಿಂದ ಓದಿದೆ. ಒಂದು ಪ್ರಶ್ನೆ. ದುಂಡ್ಯಾ ನಿಜವಾಗಿಯೂ ಪೆದ್ದನೇ?

ಸಾವಕಾರ ಅವನ ಕೈಯಲ್ಲಿ ಮದುವೆಯ ಸೀರೆ ಕೊಟ್ಟು ಬಾಗೇವಾಡಿಯ ಹುಡುಗಿಯ ಮನೆಗೆ ಕಳಿಸುತ್ತಾನೆ. ದುಂಡ್ಯಾ ಅದನ್ನು ತಂದು ಮನೆಯ ಅಡಿಗೆಯವಳಿಗೆ ಉಡಿಸುತ್ತಾನೆ. ಆಕೆಗೆ ವರ್ಷಗಳಿಂದ ಹೊಸ ಸೀರೆ ಸಿಕ್ಕಿಲ್ಲ. ಹುಡುಗಿಯ ಅಪ್ಪನ ಮುಂದೆ ಸಾವಕಾರನನ್ನು ಹೊಗಳು ಎಂದು ಕಳಿಸಿದರೆ, "ನಮ್ಮ ಧಣ್ಯಾರ ಹಲ್ಲು ಭಾರೀ ಗಟ್ಟಿರಿ. ದಿನಾ ರಾತ್ರಿ ತಗದು ನೀರಾಗ ಇಟ್ಟರೂ ಒಂದೂ ಅಳ್ಳಾಡಿಲ್ಲ" ಎನ್ನುತ್ತಾನೆ. ಹುಡುಗಿ ಓಡಿಹೋಗುವ ದಿನ ಕುದುರೆ ಗಾಡಿಯನ್ನು ಸರಿಯಾಗಿ ಅವಳ ಹಿತ್ತಲ ಬಾಗಿಲಲ್ಲೇ ಮರೆತು ಬರುತ್ತಾನೆ. ಪ್ರತಿ ತಪ್ಪೂ ಸಾವಕಾರನಿಗೇ ತಟ್ಟುತ್ತದೆ. ಅಡಿಗೆಯವಳಿಗೆ, ಹುಡುಗಿಗೆ ಒಂದು ಗೀರೂ ಬೀಳುವುದಿಲ್ಲ. ಇಷ್ಟು ಗುರಿಯಿಟ್ಟು ತಪ್ಪುವ ಪೆದ್ದನನ್ನು ನಾನಂತೂ ಕಂಡಿಲ್ಲ.

ಅವನ ಹೊಟ್ಟೆಯಲ್ಲಿ ಬೆಂಕಿಯಿದೆ. ಮುಖದ ಮೇಲೆ ಪೆದ್ದುತನ ಹೊದ್ದುಕೊಂಡಿದ್ದಾನೆ. ಪೆದ್ದ ಎಂದರೆ ಒಂದು ಏಟು ಬೀಳುತ್ತದೆ, ಬೇಕೆಂದೇ ಮಾಡಿದ ಎಂದು ಗೊತ್ತಾದರೆ ಚರ್ಮ ಸುಲಿಯುತ್ತಾರೆ. ಎಷ್ಟು ವರ್ಷ ಆಡಿದರೂ ಈ ಊರಿಗೆ ಇದು ಹೊಳೆದಿಲ್ಲ. ಅಪ್ಪನಿಗೆ ಮೊದಲ ದಿನವೇ ಹೊಳೆದಿತ್ತು. ಎಂಎ ಮಾಡಿದ ನನಗೆ ಈಗ ಹೊಳೆಯುತ್ತಿದೆ, ನಾಚಿಕೆಗೇಡು.

ಜನವರಿ 19, ರವಿವಾರ. ಊರು

ತಾಲೀಮಿನಲ್ಲಿ ಹೇಳಿದೆ. "ಚಪ್ಲಿ ಸೀನ್ ವಾಪಸ್ ಬೇಕ್ರಿ ಮಾಸ್ತರ್ರ. ನಡಿಯೂದು ಬೇಕು. ಹೊರೂದು ಬ್ಯಾಡ."

ಮಾಸ್ತರರು ಕಲ್ಮೇಶನ ಮುಖ ನೋಡಿದರು. ಕಲ್ಮೇಶನ ಮುಖ ಕೆಂಪಾಯಿತು. "ಅದ್ಹೆಂಗ್ರಿ ಟೀಚರ್ರ? ತಪ್ಪು ಮಾಡಿದಂವಗ ಶಿಕ್ಷಾ ಆಗಬೇಕಲ್ಲ? ಇಲ್ಲಂದ್ರ ನಗಿ ಎಲ್ಲಿಂದ ಬರ್ತೈತಿ?"

"ಚಪ್ಲಿ ಮೆಟ್ಟೂದು ಯಾವ ತಪ್ಪರಿ?"

ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡುತ್ತಿದ್ದರು, ಅದು ಸ್ಟಾರ್ಟ್ ಆಗುತ್ತಿರಲಿಲ್ಲ. ಕೊನೆಗೆ ಕಲ್ಮೇಶ, "ಅವು ನಮ್ಮಪ್ಪನ ಚಪ್ಲಿ. ಮಾಡಿದ್ರ ಎರಡೂ ಮಾಡ್ರಿ, ಇಲ್ಲಂದ್ರ ಎರಡೂ ಬ್ಯಾಡ. ನಾನೇನು ಹೊರ್ರಿ ಅಂತ ಗಂಟ ಬಿದ್ದಿಲ್ಲ" ಎಂದ. ತಾನು ದೊಡ್ಡ ಮನಸ್ಸು ಮಾಡಿದ್ದೇನೆ ಎಂದೇ ಅವನು ನಂಬಿದ್ದಾನೆ. ಅದೇ ಹೆಚ್ಚು ಉರಿಸುವ ಸಂಗತಿ.

"ಎರಡೂ ಮಾಡ್ತೇನಿ" ಎಂದೆ.

ಏಕೆ ಹಾಗೆಂದೆನೋ! ಚಪ್ಪಲಿ ನಾಟಕದ ದಿನವೇ ಬರುತ್ತವಂತೆ. ಅಲ್ಲಿಯವರೆಗೆ ತಲೆಯ ಮೇಲೆ ಮಡಚಿದ ಟವೆಲ್ಲು. ಬರೀ ಟವೆಲ್ಲು ಇಟ್ಟುಕೊಂಡು ಸುತ್ತುವಾಗಲೇ ನನ್ನ ಕಿವಿ ಸುಡುತ್ತಿದ್ದವು.

ಜನವರಿ 22, ಬುಧವಾರ. ಮುದ್ದೇಬಿಹಾಳ

ಅಪ್ಪ ಫೋನಿನಲ್ಲಿ ನಡೆಯಲು ಕಲಿಸುತ್ತಿದ್ದಾನೆ. "ಎಡಗಾಲ ಮೊದಲ ಇಡು. ಹಿಮ್ಮಡಿ ಒತ್ತು. ಒತ್ತಿದ್ರ ಅದು ಕಿರ್ರ್ ಅಂತೈತಿ. ಅವಸರ ಮಾಡಬ್ಯಾಡ, ನಿಂದ ರಸ್ತೆ ಅನ್ನೂ ಹಂಗ ನಡಿ." ಫೋನು ಕಿಟಕಿಯಲ್ಲಿಟ್ಟು ಅಡಿಗೆಮನೆಯಿಂದ ಬಾಗಿಲವರೆಗೆ ನಡೆದೆ. ಕೆಳಗಿನಿಂದ ಮನೆಯ ಮಾಲಕಿ ಸುನಂದಾಬಾಯಿ, "ಟೀಚರ, ಖಾರ ಕುಟ್ಟಾಕತ್ತೀರೇನು?" ಎಂದು ಕೂಗಿದರು. ಅಪ್ಪನಿಗೂ ಕೇಳಿಸಿತು. ಸಂಕ್ರಾಂತಿಯ ನಂತರ ಅವನು ನಕ್ಕದ್ದು ಇದೇ ಮೊದಲು.

ಜನವರಿ 25, ಶನಿವಾರ

ನಾಳೆ ಧ್ವಜಾರೋಹಣಕ್ಕೆ ರಂಗೋಲಿ ಹಾಕಿ ಎಂದರು ಗುರಲಿಂಗಪ್ಪ ಸರ್. ಏಡಿಯನ್ನು ಮರೆತಿದ್ದಾರೆ. "ನಾ ಹಾಕೂದಿಲ್ರಿ ಸರ್. ಕಾಂತು ಸರ್ ಚಿತ್ರಕಲಾ ಟೀಚರು, ಅವರು ಚಂದ ಹಾಕ್ತಾರ" ಎಂದೆ. ಅವರು ಅಲ್ಲಿಂದ ನೇರ ಕಾಂತು ಸರ್ ಹತ್ತಿರ ಹೋದರು. ಕಾಂತು ಸರ್ ಹಾಕಿದರು. ಚೆನ್ನಾಗಿಯೇ ಬಂದಿದೆ.

ಗಂಟಲು ಕೆರೆಯುತ್ತಿದೆ. ಬಹುಶಃ ತಾಲೀಮಿನ ಕೂಗಾಟದಿಂದ.

ಫೆಬ್ರುವರಿ 2, ರವಿವಾರ. ಊರು

ಸುದ್ದಿ ನಮ್ಮ ಓಣಿಗೂ ಮುಟ್ಟಿದೆ. ದೊಡ್ಡಪ್ಪನ ಮಗ ಮುತ್ತುರಾಜ ಬುದ್ಧ ವಿಹಾರದ ಮುಂದೆ ಅಡ್ಡ ನಿಂತ. "ಅಕ್ಕಾ, ಬಾಬಾಸಾಹೇಬರ ಫೋಟೋ ಇಟ್ಟ ಮನಿಯವರು ನೀವು. ಓದಿದಾಕಿ, ನೌಕರಿಯಾಕಿ. ಊರ ಮುಂದ ಗೌಡನ ಚಪ್ಲಿ ಹೊರ್ತೀಯಂತ, ಖರೇನ?"

"ಯಾರು ಹೇಳಿದ್ರು?"

"ಎಲ್ಲಾರೂ ಹೇಳಾಕತ್ತಾರ. ಕಾಕಾ ಓದಿರಲಿಲ್ಲ, ಅವನ ಕಾಲ ಬ್ಯಾರೆ. ನೀ ಹೊತ್ತರ ನಾವು ಎದ್ದು ಹೋಗ್ತೇವಿ."

"ಹೋಗೂದಾದ್ರ ಮೊದಲ ಬಂದು ಕುಂದ್ರಬೇಕು. ಮುಂದಿನ ಸಾಲಿನ್ಯಾಗ ಕುಂದರು" ಎಂದೆ. ಬಾಯಿ ಜೋರು ಮಾಡಿದೆ, ಆದರೆ ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಅಪ್ಪನ ಹತ್ತಿರ ಹೇಳಿದರೆ ಅವನದು ಬೇರೆಯೇ ರಾಗ. "ಹೊರು ವಿಜೂ. 'ಹಾಂ' ಅಂದು ಈಗ 'ಊಂಹೂಂ' ಅಂದಿ ಅಂದ್ರ ಮುಂದ ನಮ್ಮ ಪೈಕಿ ಯಾರಿಗೂ ಆ ಪಾರ್ಟ ಕೊಡೂದಿಲ್ಲ. ನಡಿಯೂದೂ ಹೋಗತೈತಿ."

ಅತ್ತ ದರಿ ಇತ್ತ ಪುಲಿ. ಹೊತ್ತರೆ ಓಣಿಗೆ ಮುಖ ತೋರಿಸುವಂತಿಲ್ಲ, ಹೊರದಿದ್ದರೆ ಅಪ್ಪನಿಗೆ.

ಹುಡುಗಿಯ ಪಾತ್ರಕ್ಕೆ ಬಾಗಲಕೋಟೆಯ ಕಡೆಯ ಕಲಾವಿದೆ ಶಮಾ ಬಂದಿದ್ದಾಳೆ. ಹಳ್ಳಿ ಹಳ್ಳಿ ಸುತ್ತಿ ನಾಟಕ ಮಾಡುವವಳು. ಚಹಾ ಕುಡಿಯುವಾಗ ಅವಳಿಗೆ ಎಲ್ಲ ಹೇಳಿದೆ. "ಅಕ್ಕಾ, ಸ್ಟೇಜ್ ಮ್ಯಾಲ ಒಮ್ಮಿ ಆಗಿದ್ದು ಆಗಿಹೋತು. ವಾಪಸ್ ತಗೊಳ್ಳಾಕ ಯಾರಿಗೂ ಆಗೂದಿಲ್ಲ. ಬೈಯಾವ್ರು ಆಮ್ಯಾಲ ಬೈತಾರ" ಎಂದು ಹೇಳಿ ಬಿಸ್ಕಿಟ್ ಅದ್ದಿದಳು.

ಫೆಬ್ರುವರಿ 14, ಶುಕ್ರವಾರ. ಊರು

ಅಪ್ಪನಿಗೆ ಮಾತು ಕೊಟ್ಟೆ. ಹೊರುತ್ತೇನೆ. ಮುತ್ತುರಾಜ ಎದ್ದು ಹೋದರೆ ಹೋಗಲಿ.

ಫೆಬ್ರುವರಿ 16, ರವಿವಾರ. ಬೆಳಗ್ಗೆ

ಕಾಲು ನೋಯುತ್ತಿವೆ. ಆದರೂ ಇದನ್ನು ಇವತ್ತೇ ಬರೆಯಬೇಕು.

ಅಪ್ಪನ ಧೋತರ, ಅಪ್ಪನ ಅಂಗಿ, ಅಂಟಿಸಿದ ಮೀಸೆ. ಅವ್ವ ಶಪಿಸುತ್ತಲೇ ಧೋತರದ ಕಚ್ಚೆ ಕಟ್ಟಿದಳು. ಶಾಲೆಯ ಮೈದಾನ ತುಂಬಿತ್ತು. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು, ಪಕ್ಕದಲ್ಲಿ ಮುತ್ತುರಾಜ ಮತ್ತು ಅವನ ಗೆಳೆಯರು ಕೈಕಟ್ಟಿ ಕೂತಿದ್ದರು. ಹಲ್ಲಿನ ಮಾತಿಗೆ ಚಪ್ಪಾಳೆ ಬಿತ್ತು. ಸೀರೆಯ ದೃಶ್ಯಕ್ಕೆ ಸೀಟಿ.

ಆಮೇಲೆ ಕಲ್ಮೇಶ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಹೋದ. ನಾನೊಬ್ಬಳೇ. ಮೆಟ್ಟಿದೆ. ಎಡ ಹಿಮ್ಮಡಿ ಒತ್ತಿದೆ. ಕಿರ್ರ್ ಎಂದಿತು. ಚನ್ನಬಸಯ್ಯ ಮಾಸ್ತರರ ಮುಂದಿನ ಮೈಕು ಅದನ್ನು ಹಿಡಿದು ಇಡೀ ಮೈದಾನಕ್ಕೆ ಕೇಳಿಸಿತು. ನಡೆದೆ. ಜನ ನಗುತ್ತಿದ್ದರು. ನಾನು ಅಪ್ಪನನ್ನು ನೋಡಿದೆ. ಅವನು ನಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ಅವನ ಕಾಲು ಎಡ, ಬಲ, ಎಡ, ಬಲ ಎಂದು ನೆಲ ಒತ್ತುತ್ತಿದ್ದವು.

"ಎಲಾ ದುಂಡ್ಯಾ!" ಕಲ್ಮೇಶ ಒಳಗಿನಿಂದ ಗುಡುಗಿದ. "ನನ್ನ ಚಪ್ಲಿ ಮೆಟ್ತಿ? ತಗಿ! ಇಡು ತಲಿ ಮ್ಯಾಲ!"

ನಾನು ಬಗ್ಗಿದೆ. ಬೇರೆ ಯಾರಿಗೂ ಹೇಳದಿದ್ದರೂ ಇಲ್ಲಿ ಬರೆಯುತ್ತೇನೆ, ಬಗ್ಗಿದೆ. ಕೈ ಚಪ್ಪಲಿಯ ಪಟ್ಟಿಯವರೆಗೆ ಹೋಗಿತ್ತು. ಬೆವರಿಗೆ ಮೀಸೆ ಕಳಚಿ ಚಪ್ಪಲಿಯ ಮೇಲೆ ಬಿತ್ತು. ಜನ ಘೊಳ್ಳೆಂದು ನಕ್ಕರು. ಆ ಮೀಸೆಯನ್ನು ನೋಡುತ್ತಾ ನನಗೆ ಒಂದೇ ಯೋಚನೆ ಬಂತು. ಅಪ್ಪ ಹೊತ್ತ, ಯಾಕೆಂದರೆ ಹೊರದೆ ನಡೆಯಲು ಅವನಿಗೆ ಬಿಡುತ್ತಿರಲಿಲ್ಲ. ನನಗೆ ಈಗ ಯಾರು ಬಿಡಬೇಕು? ನಡೆದದ್ದು ಆಗಿಯೇ ಹೋಗಿದೆ.

ಮೀಸೆ ಎತ್ತಿ ಜೇಬಿಗೆ ಹಾಕಿಕೊಂಡು ನೆಟ್ಟಗೆ ನಿಂತೆ. "ಚಪ್ಲಿ ನಿಮ್ಮವು ಧಣ್ಯಾರ. ಬೇಕಿದ್ರ ನೀವ ತಕ್ಕೋರಿ" ಎಂದು ಕಾಲು ಮುಂದೆ ಚಾಚಿದೆ.

ನಗು ನಿಂತಿತು. ಕಲ್ಮೇಶ ಹತ್ತಿರ ಬಂದ. "ವಿಜೂ, ಪಾರ್ಟ ಮಾಡು" ಎಂದು ಪಿಸುಗುಟ್ಟಿದ.

"ಪಾರ್ಟನ ಮಾಡಾಕತ್ತೇನಿ" ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಪಿಸುಗುಡುವ ಮಾತು ಅದಾಗಿರಲಿಲ್ಲ.

ಅವನು ನನ್ನ ಕಾಲು ನೋಡಿದ, ಜನರನ್ನು ನೋಡಿದ. ಬಗ್ಗಿದರೆ ನನ್ನ ಕಾಲು ಮುಟ್ಟಬೇಕು, ಬಗ್ಗದಿದ್ದರೆ ಬರಿಗಾಲು. ಹಾರ್ಮೋನಿಯಂ ಒಂದೇ ಸ್ವರ ಹಿಡಿದು ನಿಂತಿತ್ತು. ಮುಂದಿನ ಸಾಲಿನಲ್ಲಿ ಯಾರೂ ಎದ್ದು ಹೋಗಲಿಲ್ಲ, ಕೆಮ್ಮಲೂ ಇಲ್ಲ. ಆಗ ಶಮಾ ತನ್ನ ಸರದಿ ಬರುವ ಮೊದಲೇ ಪರದೆಯ ಸಂದಿಯಿಂದ, "ಸಾವಕಾರ್ರ, ಬೀಗರು ಬಂದ್ರು! ಬಾಗಲಕ್ಕ ಬಂದ್ರು!" ಎಂದು ಕೂಗಿಬಿಟ್ಟಳು. ಬೀಗರು ಬಂದರೆ ಸಾವಕಾರ ಹೋಗಲೇಬೇಕು. ಜರಿ ರುಮಾಲು, ರೇಷ್ಮೆ ಅಂಗಿ, ಬರಿಗಾಲು. ಹಲಗೆಯ ಮೊಳೆ ಚುಚ್ಚಿ ಅವನು ಕುಪ್ಪಳಿಸಿದ. ಮೈದಾನ ಬಿರಿಯುವ ಹಾಗೆ ನಕ್ಕಿತು. ಗೌಡರ ಮನೆಯ ಹೆಂಗಸರು ಕೂತ ಕಡೆಯಿಂದಲೂ ನಗು ಬಂತು. ನಾಟಕ ಮುಗಿಯುವವರೆಗೆ ನಾನು ಚಪ್ಪಲಿ ಬಿಚ್ಚಲಿಲ್ಲ. ನಾನು ಬಂದಾಗಲೆಲ್ಲ ಕಿರ್ರ್, ಅವನು ಬಂದಾಗಲೆಲ್ಲ ನಗು.

ಪರದೆ ಬಿದ್ದ ಮೇಲೆ ಕಲ್ಮೇಶ ಯಾರ ಜೊತೆಯೂ ಮಾತಾಡದೆ ಹೋದ. ಕಮಿಟಿಯವರೊಬ್ಬರು, "ಟೀಚರ್ರ, ಇದು ಚಲೋ ಮಾಡಲಿಲ್ಲ ನೀವು" ಎಂದರು. "ಮಂದಿ ನಕ್ಕಿಲ್ಲೇನ್ರಿ?" ಎಂದೆ. ಮುತ್ತುರಾಜ ಹಾರ ತರಲು ಓಡುತ್ತಿದ್ದ, ಅವನನ್ನೂ ಗದರಿಸಿ ಕಳಿಸಿದೆ.

ಅಪ್ಪ ಕುರ್ಚಿ ಬಿಟ್ಟು ಎದ್ದಿರಲಿಲ್ಲ. "ಮಾತು ತಪ್ಪಿದಿ" ಎಂದ.

"ಹೌದಪ್ಪ, ತಪ್ಪಿದೆ."

"ಎಡ ಹಿಮ್ಮಡಿ ಇನ್ನೊಂದೀಟು ಒತ್ತಬೇಕಾಗಿತ್ತು."

ಮೊಣಕಾಲಿಗೆ ಸುತ್ತುದಾರಿ ಆಗದೆಂದು ಗೌಡರ ಓಣಿಯಿಂದಲೇ ಹೊರಟೆವು. ಅಪ್ಪನ ಕೈ ನನ್ನ ಹೆಗಲ ಮೇಲೆ, ಗೌಡರ ಚಪ್ಪಲಿ ಇನ್ನೂ ನನ್ನ ಕಾಲಲ್ಲೇ. ಓಣಿಯ ಬಾಯಿಗೆ ಬಂದಾಗ ನಿಂತ. "ಬಿಚ್ಚು" ಎಂದ. ಹಳೇ ಹೆದರಿಕೆ ಹೋಗಿಲ್ಲ ಎಂದುಕೊಂಡು ನಾನು ಜಗಳಕ್ಕೆ ಬಾಯಿ ತೆರೆದೆ. ಅಪ್ಪ ತನ್ನ ಹವಾಯಿ ಚಪ್ಪಲಿ ಬಿಟ್ಟು ಕಾಲು ಮುಂದೆ ಮಾಡಿದ. "ನನಗ ಕೊಡು."

ಬಾತ ಕಾಲು ಅರ್ಧ ಮಾತ್ರ ಹೋಯಿತು. ಹಾಗೆಯೇ ಎಳೆಯುತ್ತಾ ನಡೆದ. ಸ್ಟೇಜ್ ಇರಲಿಲ್ಲ, ನಗುವವರೂ ಇರಲಿಲ್ಲ. ಓಣಿ ಮುಗಿಯುವವರೆಗೆ ಅವನು ಅವನ್ನು ಬಿಚ್ಚಲಿಲ್ಲ.

ಅದೇ ದಿನ, ಸಂಜೆ

ಬಸ್ಸಿಗೆ ಹೊರಡಲು ಚೀಲ ತುಂಬುತ್ತಿದ್ದೆ. ಬಾಗಿಲಲ್ಲಿ ಕಲ್ಮೇಶ. ಆಳನ್ನು ಕಳಿಸಬಹುದಿತ್ತು, ತಾನೇ ಬಂದಿದ್ದಾನೆ. ನನಗೆ ತಿಳಿದ ಮಟ್ಟಿಗೆ ಆ ಮನೆಯವರು ನಮ್ಮ ಓಣಿಗೆ ಓಟು ಕೇಳಲು ಬಿಟ್ಟರೆ ಬಂದದ್ದಿಲ್ಲ. ಅಪ್ಪನನ್ನು ಏನೆಂದು ಕರೆಯಬೇಕೆಂದು ತಿಳಿಯದೆ ಕೆಮ್ಮಿದ.

ಅಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಬೆಳಗ್ಗೆಯೇ ಚಪ್ಪಲಿಗೆ ಕೊಬ್ಬರಿ ಎಣ್ಣೆ ಸವರಿ ಹೊಸ್ತಿಲ ಪಕ್ಕ ಇಟ್ಟಿದ್ದಾನೆ. "ಬಾ, ಕುಂದರು" ಎಂದ.

"ಚಪ್ಲಿ... ಅಪ್ಪಾರ ನೆನಪಿನವು. ಅದಕ್ಕ."

"ಗೊತ್ತೈತಿ. ಅವು ಎಲ್ಲಿ ಒತ್ತಿದ್ರ ಒದರ್ತಾವ ಅನ್ನೂದು ನಿಮ್ಮಪ್ಪಗಿಂತ ನನಗ ಹೆಚ್ಚು ಗೊತ್ತೈತಿ."

ಅವ್ವ ಚಹಾ ತಂದಳು. ಕಲ್ಮೇಶ ಬಟ್ಟಲು ನೋಡಿದ, ನನ್ನನ್ನು ನೋಡಿದ, ಕೂತು ಕುಡಿದ. ಸಕ್ಕರೆ ಹೆಚ್ಚಾಗಿತ್ತು, ಗಡಿಬಿಡಿಯಲ್ಲಿ ಅವ್ವ ಎರಡು ಸಲ ಹಾಕಿದ್ದಳು. ಅವನು ಬಟ್ಟಲು ಬರಿದು ಮಾಡಿ ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಮುಂಜಾನೆ ಬಸ್‌ಸ್ಟ್ಯಾಂಡಿನ್ಯಾಗ ಹುಡುಗರು ನನಗ ಬರಿಗಾಲ ಸಾವಕಾರ ಅಂದ್ರು" ಎಂದ. ಸಿಟ್ಟಿತ್ತು, ಅಳುವೂ ಇತ್ತು ಆ ದನಿಯಲ್ಲಿ. ನನಗೆ ಒಂದು ಚೂರು ಪಾಪ ಎನಿಸಿತು. ಒಂದೇ ಚೂರು.

"ಅಂತಾರ" ಎಂದ ಅಪ್ಪ. "ರೂಢಿ ಆಕ್ಕೈತಿ."

ಕಲ್ಮೇಶ ಎದ್ದ. ಅವ್ವ, "ಚೀಲ ಕೊಡ್ಲೇನು? ಮುಚ್ಚಿಕೊಂಡು ಒಯ್ಯಿ" ಎಂದಳು. "ಬ್ಯಾಡ್ರಿ ಬೇ" ಎಂದು ಹೇಳಿ ಬಗ್ಗಿ ಚಪ್ಪಲಿ ಎತ್ತಿಕೊಂಡ. ಎತ್ತಿಕೊಂಡು ಹೇಗೆ ಹಿಡಿಯಬೇಕೆಂದು ಗೊತ್ತಾಗದೆ ಎದೆಯ ಮಟ್ಟಕ್ಕೆ ಹಿಡಿದು ನಿಂತ. ಓಣಿಯ ಬಾಗಿಲು ಬಾಗಿಲಲ್ಲೂ ಜನ ನೋಡುತ್ತಿದ್ದರು.

"ತಲಿ ಮ್ಯಾಲ ಬ್ಯಾಡೋ ತಮ್ಮಾ" ಎಂದ ಅಪ್ಪ. "ಕೈಯಾಗ ಹಿಡಕೊಂಡ ಹೋಗು. ನಮ್ಮ ಓಣ್ಯಾಗ ಅಷ್ಟು ಮಾಡಿದ್ರ ಸಾಕು."